ನೇತ್ರಾಣಿಯ ನೀರಿಗಿಳಿಯುವ ಮುನ್ನ

ತಿಕೋಟಾದ ಸದ್ಭಕ್ತರೊಬ್ಬರು, ತಮ್ಮ ಮಗನು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ತೆರಳಿ ಸ್ಕೂಬಾ ಮುಳುಗಾಟ ಮಾಡಲಿಚ್ಛಿಸುತ್ತಾನೆ, ಕಳುಹಿಸಬಹುದೇ ಎಂದು ನಮ್ಮನ್ನು ಕೇಳಿದ್ದಾರೆ. ಕಳುಹಿಸಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಬಾವಿಯ ಈಜನ್ನು ನೆಚ್ಚಿಕೊಂಡಲ್ಲ.

ವಿಜಯಪುರ, ಬಬಲೇಶ್ವರಗಳ ಕಡೆಯ ಹುಡುಗರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಉಸಿರು ಬಿಗಿಹಿಡಿದು ತಳದ ಕಲ್ಲು ತರುವುದೇ ಅವರಿಗೆ ಪೌರುಷ. ಸ್ಕೂಬಾದಲ್ಲಿ ಅದೇ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡವು ಮೇಲಿನದಕ್ಕಿಂತ ಇಮ್ಮಡಿ. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಗಾಳಿಯು ಮೇಲೇರುವಾಗ ಹಿಗ್ಗುತ್ತದೆ. ಉಸಿರು ಕಟ್ಟಿದರೆ ಶ್ವಾಸಕೋಶವೇ ಹರಿದೀತು. ಆದ್ದರಿಂದ ಎಡೆಬಿಡದೆ ಉಸಿರಾಡುತ್ತ ಮೆಲ್ಲಮೆಲ್ಲನೆ ಮೇಲೇರಬೇಕು. ನೆಗಡಿಯಿದ್ದಾಗ ಇಳಿಯಲಾಗದು, ಕಿವಿ ಕೆಟ್ಟೀತು. ಉಬ್ಬಸ, ಹೃದ್ರೋಗಗಳಿದ್ದರೆ ಮುಚ್ಚಿಡದೆ ವೈದ್ಯರ ಒಪ್ಪಿಗೆ ಪಡೆಯಬೇಕು.

ದ್ವೀಪವು ದಡದಿಂದ ಸುಮಾರು 19 ಕಿಲೋಮೀಟರ್. ದೋಣಿಯ ತೂಗಾಟಕ್ಕೆ ನಮ್ಮ ಬಯಲುಸೀಮೆಯವರ ಹೊಟ್ಟೆ ಒಗ್ಗದು, ಲಘು ಉಪಾಹಾರ ಸಾಕು! ಹವಳವೂ ಬಣ್ಣದ ಮೀನುಗಳೂ ಅಲ್ಲಿಯ ಸಂಪತ್ತು, ನೋಡಬೇಕು, ಮುಟ್ಟಬಾರದು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಮುಳುಗಾಟ ನಿಲ್ಲುತ್ತದೆ.

ತಂದೆಯವರ ನಿಜವಾದ ಅಳುಕು ಇಷ್ಟಲಿಂಗದ್ದು. ಕರಡಿಗೆಯು ತೂಗಾಡಿದರೆ ಸಿಲಿಂಡರಿನ ಪಟ್ಟಿಗಳಿಗೆ ಸಿಕ್ಕೀತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಉಸಿರಿಗೆ ಅಡ್ಡಿಯಾಗದಂತೆ ಎದೆಗೆ ಭದ್ರವಾಗಿ ಕಟ್ಟಿ, ಅದರ ಮೇಲೆ ಮುಳುಗುಡುಪನ್ನು ತೊಡಲಿ. ತರಬೇತಿದಾರರಿಗೆ ದಡದಲ್ಲಿಯೇ ತಿಳಿಸಲಿ. ದೋಣಿಯಲ್ಲಿ ಕಳಚಿಟ್ಟು ಇಳಿಯುವುದನ್ನು ನಾವು ಒಪ್ಪೆವು. ಅವರು ಬೇಡವೆಂದರೆ ಹುಡುಗನು ದೋಣಿಯಲ್ಲೇ ಕುಳಿತು ದ್ವೀಪವನ್ನು ಕಣ್ತುಂಬ ನೋಡಿ ಬರಲಿ.