ಮಲಗುವ ಕೋಣೆಗೆ ಎಂಥ ವಸ್ತು ತಕ್ಕುದು?

ಜ್ಞಾನಭಾರತಿಯ ಸುತ್ತಮುತ್ತ, ನಾಗರಭಾವಿಯಿಂದ ಕೆಂಗೇರಿಯವರೆಗೆ, ಹೊಸ ಮನೆಗಳು ಏಳುತ್ತಲೇ ಇವೆ. ಅವುಗಳ ಮಲಗುವ ಕೋಣೆಗಳನ್ನು ಅಣಿಗೊಳಿಸುವವರಲ್ಲಿ ಈಗ ಒಂದು ಮಾತು ಬಹಳ ಬಳಕೆಯಲ್ಲಿದೆ: ಹಾಸಿಗೆ, ಬಣ್ಣ, ಮಂಚ, ಎಲ್ಲವೂ ನೈಸರ್ಗಿಕವಾಗಿರಬೇಕು. ವರ್ತಕರೂ ಈ ಮಾತನ್ನು ಕಲಿತಿದ್ದಾರೆ. ಆ ಹೆಸರಿನ ಚೀಟಿಯನ್ನು ಅಂಟಿಸಿಕೊಂಡ ಸರಕಿಗೆ ಬೆಲೆಯೂ ಹೆಚ್ಚು. ಆಸೆಯೇನೋ ಒಳ್ಳೆಯದೇ. ಆದರೆ ಸೀಸವೂ ಭೂಮಿಯಿಂದ ಬಂದುದೇ. ರೇಡಾನ್ ಎಂಬ ವಿಕಿರಣಶೀಲ ಅನಿಲವೂ ನಿಸರ್ಗದ ಕೊಡುಗೆಯೇ. ಆದುದರಿಂದ ವಸ್ತುವಿನ ಹುಟ್ಟಿಗಿಂತ ಅದರ ನಡತೆಯನ್ನು ವಿಚಾರಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಅದು ಗಾಳಿಗೆ ಏನನ್ನು ಬಿಡುತ್ತದೆ? ಶಾಖವನ್ನೂ ತೇವವನ್ನೂ ಹೇಗೆ ನಡೆಸಿಕೊಳ್ಳುತ್ತದೆ? ಸವೆದಾಗ ಯಾವ ಪುಡಿಯಾಗಿ ಉದುರುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು.

ಮಲಗುವ ಕೋಣೆಗೆ ಇಷ್ಟೊಂದು ವಿಚಾರಣೆ ಏಕೆ? ಮಲಗಿರುವ ಮನುಷ್ಯನು ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿಯನ್ನು ಉಸಿರಾಡುತ್ತಾನೆಂದು ಇಟ್ಟುಕೊಳ್ಳೋಣ. ಎಂಟು ಗಂಟೆಗಳಲ್ಲಿ ಅದು 3 ಘನ ಮೀಟರಿಗೆ ಸಮೀಪವಾಗುತ್ತದೆ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವುದು ಸುಮಾರು 34 ಘನ ಮೀಟರ್ ಗಾಳಿ ಮಾತ್ರ. ದಿನದ ಬೇರೆ ಯಾವ ಹೊತ್ತಿನಲ್ಲಿಯೂ ನಾವು ಇಷ್ಟು ದೀರ್ಘಕಾಲ ಒಂದೇ ಕಡೆಯ ಗಾಳಿಯನ್ನು ಸೇವಿಸುವುದು ಅಪರೂಪ.

ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳಿಂದ ಇಂದಿನ ಮಂಚಗಳೂ ಬೀರುಗಳೂ ತಯಾರಾಗುತ್ತವೆ. ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಹೊಸ ಬೀರುವಿನ ಬಾಗಿಲು ತೆರೆದಾಗ ಕಣ್ಣು ಚುರುಗುಟ್ಟುವುದು ಬಹುಮಟ್ಟಿಗೆ ಇದರಿಂದಲೇ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ತಜ್ಞರು ಇದನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ. ಮೇಲೆ ಹೇಳಿದ ಕೋಣೆಯನ್ನು ಮುಚ್ಚಿಟ್ಟರೆ ಆ ಮಿತಿಯನ್ನು ಮುಟ್ಟಲು ಬೇಕಾದುದು 3.4 ಮಿಲಿಗ್ರಾಂ, ಎಂದರೆ ಒಂದು ಅಕ್ಕಿಕಾಳಿನ ತೂಕದ ಐದಾರನೆಯ ಒಂದು ಪಾಲು! ಸೆಕೆಯೂ ತೇವವೂ ಹೆಚ್ಚಿದಷ್ಟು ಹಲಗೆ ಹೆಚ್ಚು ಅನಿಲವನ್ನು ಬಿಡುತ್ತದೆ. ಗಟ್ಟಿಮರದಿಂದ ಹೊರಡುವುದು ಇದಕ್ಕಿಂತ ಬಹಳ ಕಡಮೆ. ಹಳೆಯ ಮರದ ಮಂಚವನ್ನು ಮಾರಿ ಹೊಸ ಹಲಗೆಯ ಮಂಚವನ್ನು ತರುವವರು ಇದನ್ನು ಯೋಚಿಸಬೇಕು. ಹಲಗೆಯೇ ಅನಿವಾರ್ಯವಾದರೆ, ಕಡಮೆ ಅನಿಲ ಬಿಡುವ 'ಇ-1' ದರ್ಜೆಯದನ್ನು ಕೇಳಿ ಪಡೆದು, ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿಸಬೇಕು.

ಇನ್ನು ಗೋಡೆ ಮತ್ತು ನೆಲ. ರಾಜಾಜಿನಗರದ ಹಳೆಯ ಮನೆಗಳಲ್ಲಿ ಸುಣ್ಣ ಬಳಿದ ಗೋಡೆಯನ್ನೂ ನಯವಾದ ಕೆಂಪು ನೆಲವನ್ನೂ ವಾಚಕರು ಕಂಡಿರಬಹುದು. ಅರಳಿಸಿದ ಸುಣ್ಣವು ಗೋಡೆಯ ಮೇಲೆ ಆರುತ್ತ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅದು ಯಾವ ಆವಿಯನ್ನೂ ಬಿಡುವುದಿಲ್ಲ. ಹೊಸದಾಗಿ ಬಳಿದ ಸುಣ್ಣದ ಕ್ಷಾರಗುಣದಿಂದ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಆದರೆ ಬಳಿಯುವಾಗ ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನೈಸರ್ಗಿಕವೆಂಬ ಕಾರಣಕ್ಕೆ ಅದು ಸೌಮ್ಯವಲ್ಲ. ಕೆಂಪು ನೆಲಕ್ಕೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡು. ಅದನ್ನು ಬೆರೆಸುವುದು ಕಾರ್ಖಾನೆಯ ಸಿಮೆಂಟಿಗೆ. ಆದರೂ ಒಮ್ಮೆ ಗಟ್ಟಿಯಾದ ಮೇಲೆ ಅದು ನಿರಪಾಯಕಾರಿ. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲಿನಲ್ಲಿ ನಿಂತರೆ ತಂಪು. ಪಕ್ಕದ ಚಾಪೆಯ ಮೇಲೆ ನಿಂತರೆ ಬೆಚ್ಚಗೆ. ಉಷ್ಣಮಾಪಕವನ್ನು ಇಟ್ಟು ನೋಡಿದರೆ ಎರಡರ ಉಷ್ಣತೆಯೂ ಒಂದೇ! ನೆಲವು ಪಾದದ ಶಾಖವನ್ನು ಬೇಗನೆ ಸೆಳೆದುಕೊಳ್ಳುತ್ತದೆ, ಚಾಪೆ ಸೆಳೆಯದು. ವ್ಯತ್ಯಾಸವೆಲ್ಲ ಇಷ್ಟೇ.

ಹಾಸಿಗೆಯಲ್ಲಿ ಮುಖ್ಯವಾದುದು ತೇವ. ನಿದ್ರೆಯಲ್ಲಿಯೂ ಮೈ ಬೆವರುತ್ತಲೇ ಇರುತ್ತದೆ. ಸಾಮಾನ್ಯ ಹವೆಯಲ್ಲಿ ಹತ್ತಿಯು ತನ್ನ ತೂಕದ ಸುಮಾರು ನೂರಕ್ಕೆ 8 ಪಾಲು ತೇವವನ್ನು ಹಿಡಿದಿಡುತ್ತದೆ. ಪಾಲಿಯೆಸ್ಟರ್ ನೂರಕ್ಕೆ ಅರ್ಧ ಪಾಲನ್ನೂ ಹಿಡಿಯದು. ಹತ್ತಿಯ ಹೊದಿಕೆ ಹಿತವೆನಿಸಲು ಇದೊಂದು ಕಾರಣ. ಚಳ್ಳಕೆರೆಯ ಕಡೆಯ ಕುರಿಯ ಉಣ್ಣೆಯ ಕಂಬಳಿ ಹತ್ತಿಗಿಂತ ಹೆಚ್ಚು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಬೂರುಗದ ಹತ್ತಿಯ ಎಳೆ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ನಿಂತ ಗಾಳಿಯೇ ದಿಂಬನ್ನು ಹಗುರವಾಗಿಡುತ್ತದೆ. ಆದರೆ ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕದೆ ವರ್ಷಗಟ್ಟಲೆ ಬಿಟ್ಟರೆ ಧೂಳಿನ ನುಸಿಗಳು ಮನೆಮಾಡುತ್ತವೆ, ಉಬ್ಬಸದವರಿಗೆ ಅದೇ ಶತ್ರು. ಬಿಸಿಲಿಗೆ ಹಾಕಿ ಕೊಡವುವ, ಕೆಲವು ವರ್ಷಕ್ಕೊಮ್ಮೆ ಹತ್ತಿಯನ್ನು ಹಿಂಜಿಸುವ ರೂಢಿಯನ್ನು ಬಿಟ್ಟವರಿಗೆ ಹತ್ತಿಯ ಹಾಸಿಗೆಯಿಂದ ಪೂರ್ಣ ಲಾಭವಿಲ್ಲ.

ಹಳೆಯದೆಲ್ಲ ಒಳ್ಳೆಯದೆಂಬ ತೀರ್ಮಾನಕ್ಕೂ ನಾವು ಬರಬಾರದು. ಅದೇ ಹಳೆಯ ಮನೆಯಲ್ಲಿ ಎರಡು ಕೆಂಪುಗಳು ಇರಬಹುದು. ನೆಲದ ಕೆಂಪು ಕಬ್ಬಿಣದ ಆಕ್ಸೈಡು. ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಯದಂತೆ ಹಿಂದೆ ಬಳಿಯುತ್ತಿದ್ದ ಕೆಂಪು ಸೀಸದ ಆಕ್ಸೈಡು. ಕಣ್ಣಿಗೆ ಎರಡೂ ಒಂದೇ, ದೇಹಕ್ಕೆ ಅಜಗಜಾಂತರ. ಬಾಗಿಲು, ತೊಟ್ಟಿಲುಗಳ ಹಳೆಯ ಎಣ್ಣೆಬಣ್ಣದಲ್ಲಿಯೂ ಸೀಸವಿರಬಹುದು. ಬಣ್ಣ ಸುಲಿದು ಪುಡಿಯಾಗಿ, ನೆಲಕ್ಕೆ ಬಿದ್ದು, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸವು ಎಳೆಯ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದಲ್ಲ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ದೇಶದ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿ 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ 10 ಮೈಕ್ರೊಗ್ರಾಮನ್ನು ಮೀರಿತ್ತು. ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತಿತು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದೆ ಬಳಿದ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ತೆಗೆಯಬಾರದು. ಒದ್ದೆಮಾಡಿ ಕೆರೆಯಬೇಕು, ಆಗ ಮಕ್ಕಳನ್ನು ದೂರವಿಡಬೇಕು.

ಗ್ರಾನೈಟ್ ನೆಲವನ್ನೂ ಇದೇ ರೀತಿ ಪರೀಕ್ಷಿಸೋಣ. ಆ ಕಲ್ಲಿನಲ್ಲಿ ಅತ್ಯಲ್ಪ ಯುರೇನಿಯಂ ಇದೆ. ಅದರ ವಂಶಪರಂಪರೆಯಲ್ಲಿ ಹುಟ್ಟುವ ರೇಡಾನ್, 3.8 ದಿನಗಳ ಅರ್ಧಾಯುಷ್ಯವುಳ್ಳ ಅನಿಲ. ಬೆಂಗಳೂರಿನ ಮನೆಗಳಲ್ಲಿ ಇದನ್ನು ಅಳೆದ ಭೌತವಿಜ್ಞಾನಿಗಳು, ಗ್ರಾನೈಟ್ ನೆಲವಿದ್ದು ಗಾಳಿಯಾಡದ ಕೋಣೆಗಳಲ್ಲಿ ಅದರ ಮೊತ್ತ ಹೆಚ್ಚೆಂದು ಕಂಡಿದ್ದಾರೆ. ಇದಕ್ಕಾಗಿ ನೆಲವನ್ನು ಅಗೆಯಬೇಕಾಗಿಲ್ಲ. ಕಿಟಕಿಯನ್ನು ತೆರೆದರೆ ರೇಡಾನ್ ಬಹುಮಟ್ಟಿಗೆ ಹೊರಹೋಗುತ್ತದೆ. ಫಾರ್ಮಾಲ್ಡಿಹೈಡಿಗೂ ಮೊದಲ ಮದ್ದು ಇದೇ.

ಆದರೆ ಕಿಟಕಿ ತೆರೆಯಿರೆಂದು ಹೇಳುವುದು ಸುಲಭ. ಮೈಸೂರು ರಸ್ತೆಯ ಬದಿಯಲ್ಲಿ, ಜ್ಞಾನಭಾರತಿಯನ್ನು ದಾಟಿ ಕೆಂಗೇರಿಯ ಕಡೆಗೆ ವೃಷಭಾವತಿ ಹರಿಯುತ್ತದೆ. ನಗರದ ಕೊಳಚೆ ಸೇರಿದ ಆ ನೀರಿನ ಸಮೀಪದವರು ದುರ್ವಾಸನೆಗೂ ಸೊಳ್ಳೆಗೂ ಅಂಜಿ ಸಂಜೆಯಾಗುತ್ತಲೇ ಕಿಟಕಿ ಮುಚ್ಚುತ್ತಾರೆ. ಅನಂತರ ಸೊಳ್ಳೆಬತ್ತಿ ಹಚ್ಚುತ್ತಾರೆ. ಒಂದು ಸುರುಳಿ ಬತ್ತಿಯಿಂದ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಂದ ಹೊರಡುವಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಬತ್ತಿಯ ಮದ್ದು ಹೂವಿನಿಂದ ಬಂದುದಾದರೂ ಹೊಗೆ ಹೊಗೆಯೇ. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆಪರದೆ, ಇವೇ ಅದಕ್ಕಿಂತ ಲೇಸು. ಮನೆಯೊಳಗೆ ಎಷ್ಟೇ ಬೆಲೆಬಾಳುವ ಹಾಸಿಗೆಯನ್ನು ತಂದರೂ ಹೊರಗಿನ ಗಾಳಿ ಎಲ್ಲರಿಗೂ ಸೇರಿದ್ದು. ನದಿ ಶುದ್ಧವಾಗುವ ತನಕ ಅದರ ದಡದವರ ಮಲಗುವ ಕೋಣೆ ಪೂರ್ತಿ ಶುದ್ಧವಾಗದು. ನೈಸರ್ಗಿಕ ಸರಕಿಗೆ ಹಣ ಸುರಿಯುವ ನಾಗರಿಕರು ಈ ನದಿಗಾಗಿಯೂ ದನಿಯೆತ್ತುವುದು ನ್ಯಾಯ.

ಕೋಣೆಯ ಅಂದ ಇದರಿಂದ ಕೆಡುವುದೆ? ಎಷ್ಟುಮಾತ್ರಕ್ಕೂ ಇಲ್ಲ. ಬಿಳಿಯ ಸುಣ್ಣದ ಗೋಡೆ ಬೆಳಕನ್ನು ಕಣ್ಣಿಗೆ ಚುಚ್ಚದಂತೆ ಎಲ್ಲ ಕಡೆಗೂ ಹರಡುತ್ತದೆ. ಕೆಂಪು ನೆಲ, ಕೈಮಗ್ಗದ ಒಂದು ಹೊದಿಕೆ, ಮರದ ಒಂದು ಮಂಚ. ಇಷ್ಟರಲ್ಲಿಯೇ ಕಣ್ಣಿಗೂ ಮನಸ್ಸಿಗೂ ಬಿಡುವು ದೊರೆಯುತ್ತದೆ. ಸಾಮಾನು ಕಡಮೆಯಾದಷ್ಟೂ ಗಾಳಿಗೆ ಸೇರುವ ವಸ್ತುಗಳೂ ಕಡಮೆ, ಧೂಳು ನಿಲ್ಲುವ ಸ್ಥಳವೂ ಕಡಮೆ. ವಿದ್ಯಾರ್ಥಿಗಳು ಈ ದಿನ ರಾತ್ರಿ ತಮ್ಮ ಕೋಣೆಯಲ್ಲಿರುವ ವಸ್ತುಗಳ ಪಟ್ಟಿಯನ್ನು ಮಾಡಿ, ಒಂದೊಂದಕ್ಕೂ ಆ ಮೂರು ಪ್ರಶ್ನೆಗಳನ್ನು ಹಾಕಿ ನೋಡಲಿ. ಅಂಗಡಿಯ ಚೀಟಿಗಿಂತ ಆ ಪಟ್ಟಿ ಹೆಚ್ಚು ನಂಬಿಕೆಗೆ ಯೋಗ್ಯವಾಗಿರುತ್ತದೆ.