ಚಿಪ್ಪಿನೊಳಗಿನ ಮೆಮೊರಿ ಯಾರ ಕೈಗೆಟಕುತ್ತದೆ?

ರಿಸ್ಕ್-ಫೈವ್ ಬಂದಮೇಲೆ ಒಂದು ಮಾತು ಚಾಲ್ತಿಯಲ್ಲಿದೆ: ಪ್ರೊಸೆಸರ್ ಕೋರ್ ಬಿಟ್ಟಿಯಾಗಿ ಸಿಗುತ್ತದೆ, ಅದಕ್ಕೊಂದಿಷ್ಟು ಮೆಮೊರಿ ಅಂಟಿಸಿದರೆ ಚಿಪ್ ಸಿದ್ಧ. ಕೋರ್ ಸಿಗುವುದು ನಿಜ. ಆದರೆ ಚಿಪ್ಪಿನ ಅರ್ಧ ಗುಣ ನಿರ್ಧಾರವಾಗುವುದೇ ಈ ಅಂಟಿಸುವ ಕೆಲಸದಲ್ಲಿ.

ಎಸ್‌ಟಿಎಂ32ಎಫ್407 ಎಂಬ ಜನಪ್ರಿಯ ಮೈಕ್ರೋಕಂಟ್ರೋಲರನ್ನೇ ನೋಡಿ. ಅದರ ಎಸ್‌ರ್ಯಾಮ್ ಒಟ್ಟು 192 ಕಿಲೋಬೈಟ್. ಒಳಗೆ ಅದು 112, 16, 64 ಎಂದು ಮೂರು ತುಂಡು. ಮೊದಲೆರಡು ಬಸ್ ಮ್ಯಾಟ್ರಿಕ್ಸಿನಲ್ಲಿವೆ. ಪ್ರೊಸೆಸರ್, ಅದರ ನೆರವಿಲ್ಲದೆ ಡೇಟಾ ಸಾಗಿಸುವ ಡಿಎಂಎ, ಈಥರ್ನೆಟ್ ಎಲ್ಲಕ್ಕೂ ಎಟಕುತ್ತವೆ. 64ರ ತುಂಡು ಪ್ರೊಸೆಸರಿನ ಡೇಟಾ ಬಸ್ಸಿಗೆ ಮಾತ್ರ ಜೋಡಣೆಯಾಗಿದೆ. ಡಿಎಂಎ ಅದನ್ನು ಮುಟ್ಟಲಾರದು. ಅಲ್ಲಿಂದ ಪ್ರೋಗ್ರಾಂ ಓಡಿಸಲೂ ಆಗದು. ಡಿಎಂಎ ತುಂಬಬೇಕಾದ ಎಡಿಸಿಯ ಬಫರನ್ನು ಅಲ್ಲಿಟ್ಟರೆ ಕಂಪೈಲರ್ ತಕರಾರು ತೆಗೆಯುವುದಿಲ್ಲ, ಲಿಂಕರೂ ಸುಮ್ಮನಿರುತ್ತದೆ, ಬಫರಿಗೆ ಮಾತ್ರ ಡೇಟಾ ಬರುವುದಿಲ್ಲ. ಇದು ದೋಷವಲ್ಲ, ಆಯ್ಕೆ. ಡಿಎಂಎ ಎಷ್ಟೇ ಓಡಾಡುತ್ತಿರಲಿ, ಪ್ರೊಸೆಸರ್ ಈ 64 ಕಿಲೋಬೈಟಿಗಾಗಿ ಕಾಯಬೇಕಿಲ್ಲ. ಸ್ಟ್ಯಾಕ್ ಇಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 192 ಎಂಬ ಒಂದೇ ಅಂಕಿ ಇದ್ಯಾವುದನ್ನೂ ಹೇಳುವುದಿಲ್ಲ.

ಜೋಡಣೆಯ ಸೂಕ್ಷ್ಮ ಇನ್ನೂ ಕೆಳಗಿದೆ. ಆರ್ಮ್ 1999ರಲ್ಲಿ ತಂದ ಎಎಚ್‌ಬಿ ಬಸ್ಸಿನಲ್ಲಿ ವಿಳಾಸ ಒಂದು ಕ್ಲಾಕಿನಲ್ಲಿ ಬಂದರೆ, ಬರೆಯಬೇಕಾದ ಡೇಟಾ ಬರುವುದು ಅದರ ಮುಂದಿನದರಲ್ಲಿ. ಸಾಮಾನ್ಯ ಸಿಂಕ್ರೊನಸ್ ಎಸ್‌ರ್ಯಾಮ್ ಎರಡನ್ನೂ ಒಟ್ಟಿಗೇ ಕೇಳುತ್ತದೆ. ಬರಹದ ಬೆನ್ನಿಗೇ ಓದು ಬಂತೆಂದರೆ ಒಂದೇ ಪೋರ್ಟಿನಲ್ಲಿ ಎರಡೂ ಎದುರುಬದುರು. ಆಗ ಬಸ್ಸನ್ನು ಒಂದು ಕ್ಲಾಕ್ ಕಾಯಿಸಬೇಕು. ಇಲ್ಲವೇ ಬರಹವನ್ನು ರಿಜಿಸ್ಟರಿನಲ್ಲಿ ಹಿಡಿದಿಟ್ಟು ಓದನ್ನು ಮುಂದೆ ಬಿಡಬೇಕು. ಓದು ಅದೇ ವಿಳಾಸದ್ದಾದರೆ ಉತ್ತರ ರಿಜಿಸ್ಟರಿನಿಂದಲೇ ಬರಬೇಕು. ಬರೆದದ್ದು ಒಂದೇ ಬೈಟ್ ಆಗಿದ್ದರೆ ಆ ಬೈಟ್ ರಿಜಿಸ್ಟರಿನಿಂದ, ಅದೇ ವರ್ಡಿನ ಉಳಿದ ಮೂರು ಬೈಟ್ ಮೆಮೊರಿಯಿಂದ. ಇದರಲ್ಲಿ ತಪ್ಪಿದ ಚಿಪ್ ಹಳೆಯ ಡೇಟಾವನ್ನೇ ಸರಿಯೆಂದು ಕೊಡುತ್ತದೆ.

ಕ್ಲಾಕಿನ ವೇಗ ಏರಿಸಿದರೆ ಸಾಕೆನ್ನುವವರ ಪ್ರೊಸೆಸರ್ ಅಷ್ಟೇ ವೇಗವಾಗಿ ಕಾಯುತ್ತದೆ.

ತೂಕದ ಆಕ್ಷೇಪ ಬೇರೆಯೇ ಇದೆ: ಪರೀಕ್ಷೆಗೊಳಗಾದ ಸಿದ್ಧ ಐಪಿ ಬ್ಲಾಕುಗಳಿರುವಾಗ ಇದನ್ನೆಲ್ಲ ಮತ್ತೆ ಬರೆಯುವುದೇಕೆ? ಬರೆಯಬಾರದು, ಒಪ್ಪಬೇಕಾದದ್ದೇ. ಚಿಪ್ ತಯಾರಾದಮೇಲೆ ಸಿಕ್ಕ ತಪ್ಪಿನ ಬೆಲೆ ದೊಡ್ಡದು. ಆದರೆ ಸಿದ್ಧ ಬ್ಲಾಕು ನಿರ್ಧಾರವನ್ನೂ ಕಟ್ಟಿಕೊಡುವುದಿಲ್ಲ. ಆರ್ಮ್‌ನ ಕಾರ್ಟೆಕ್ಸ್-ಎಂ7 ಕೋರಿನಲ್ಲಿ ಪ್ರೊಸೆಸರಿಗೆ ಅಂಟಿಕೊಂಡ ಟಿಸಿಎಂ ಮೆಮೊರಿಗೆ ಹೊರಗಿನಿಂದ ಬರಲು ಪ್ರತ್ಯೇಕ ಎಎಚ್‌ಬಿ ಪೋರ್ಟೇ ಇದೆ. ಆ ಪೋರ್ಟಿಗೆ ಯಾವುದನ್ನು ಜೋಡಿಸಬೇಕೆಂದು ಹೇಳಬೇಕಾದವರು ಚಿಪ್ ಕಟ್ಟುವವರು. ಎಸ್‌ಟಿಎಂ32ಎಚ್743ರಲ್ಲಿ ಡಿಎಂಎಗಳ ಪೈಕಿ ಎಂಡಿಎಂಎ ಎಂಬುದಕ್ಕೆ ಮಾತ್ರ ಆ ದಾರಿ ಸಿಕ್ಕಿದೆ. ಡಿಎಂಎ1, ಡಿಎಂಎ2 ಎರಡೂ ಹೊರಗೇ ಉಳಿದಿವೆ.