ತಿಂಗಳ ಮಳೆ, ಒಂದು ದಿನದ ಮಳೆ
ನಮ್ಮ ಕೃಷ್ಣಗಿರಿ ಜಿಲ್ಲೆಗೆ ವರ್ಷವಿಡೀ ಬೀಳುವ ವಾಡಿಕೆ ಮಳೆ ಸುಮಾರು 85 ಸೆಂಟಿಮೀಟರ್. ಡಿಸೆಂಬರಿನಲ್ಲಿ ಮಳೆ ಕಡಿಮೆಯೆಂದು ನಂಬಿಯೇ ಹೊಸೂರು, ಡೆಂಕಣಿಕೋಟೆ ಕಡೆ ಕೊಯ್ದ ರಾಗಿಯನ್ನು ಹೊಲದಲ್ಲಿ ಒಣಗಲು ಬಿಡುತ್ತೇವೆ. 2024ರಲ್ಲಿ ಫೆಂಗಲ್ ಚಂಡಮಾರುತ ಆ ನಂಬಿಕೆಯನ್ನು ಕೆಡಿಸಿತು. ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಊತ್ತಂಗರೆಯೊಂದರಲ್ಲೇ 50 ಸೆಂಟಿಮೀಟರ್! ಅರ್ಧ ವರ್ಷದ ಮಳೆಗಿಂತಲೂ ಹೆಚ್ಚು.

ತಿಂಗಳ ಲೆಕ್ಕದಲ್ಲಿ ಇದು ಬರೇ 'ವಾಡಿಕೆಗಿಂತ ಅಧಿಕ'. ಆದರೆ ಹತ್ತು ದಿನ ಹದವಾಗಿ ಬಿದ್ದ ನೀರು ಬಾವಿಗೆ ಇಳಿಯುತ್ತದೆ. ಒಂದೇ ರಾತ್ರಿ ಸುರಿದದ್ದು ಮೇಲ್ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಜಿಲ್ಲೆಯ ಸರಾಸರಿಯನ್ನು ನೆಚ್ಚುವುದಕ್ಕಿಂತ ನಿಮ್ಮ ಹೊಲದಲ್ಲೇ ಮಳೆಮಾಪಕವಿಟ್ಟು ದಿನದಿನದ ಅಳತೆ ಬರೆದಿಡುವುದು ಮೇಲು. ಮಕ್ಕಳಿಗೆ ಈ ಕೆಲಸ ಇಷ್ಟವೇ. ಇನ್ನೊಂದು ಮಾತು: ನೆರೆ ಇಳಿದ ಮೇಲೆ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ, ಇಲಿಜ್ವರ ಅಂಟುವುದು ಆಗಲೇ.